ಕೊಳಗ ಯಾರ ಕೈಯಲ್ಲಿದೆ?

ವಿಶ್ವವಿದ್ಯಾನಿಲಯದ ತರುಣ ತರುಣಿಯರು ಅಚ್ಚು ಹಾಕಿಸಿದ ಪ್ರಶ್ನಾವಳಿಗಳನ್ನು ಕಂಕುಳಲ್ಲಿಟ್ಟುಕೊಂಡು ಗಿರಣಿಯ ಚಾಳುಗಳಿಗೂ ಪೇಟೆಯ ಚಿಕ್ಕ ಅಂಗಡಿಗಳಿಗೂ ಬರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮನೆಯಲ್ಲಿ ಉಣ್ಣುವ ಬಾಯಿ ಎಷ್ಟು, ದುಡಿಯುವ ಕೈ ಎಷ್ಟು, ಜಾತಿ ಯಾವುದು, ಒಳಜಾತಿ ಯಾವುದು, ಸಾಲ ಎಷ್ಟು, ಬಡ್ಡಿ ಎಷ್ಟು, ಹಳ್ಳಿಯಲ್ಲಿ ಇನ್ನೂ ತುಂಡು ಭೂಮಿ ಉಳಿದಿದೆಯೆ, ಸೊಸೆಯನ್ನು ಯಾವ ಊರಿಂದ ತಂದಿರಿ, ಯೂನಿಯನ್ನಿಗೆ ಚಂದಾ ಕೊಡುತ್ತೀರಾ, ಹೀಗೆ ಎರಡು ಗಂಟೆ ಕೇಳಿ, ಬರೆದುಕೊಂಡು, ವಂದನೆ ಹೇಳಿ ಹೋಗುತ್ತಾರೆ. ಹೋದವರು ಮತ್ತೆ ಬರುವುದಿಲ್ಲ. ಪಾಳಿ ಮುಗಿಸಿದ ಸಂಗಾತಿಗಳು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತು, "ಇವರಿಗೆ ಉತ್ತರ ಕೊಡಬೇಕೋ, ಬೇಡವೋ?" ಎಂದು ಕೇಳುತ್ತಾರೆ. ಅಂಗಡಿಯವರ ಅನುಮಾನ ಇನ್ನೂ ಒಂದು ಹೆಜ್ಜೆ ಮುಂದೆ. ಇವರು ತೆರಿಗೆ ಇಲಾಖೆಯವರು ವೇಷ ಹಾಕಿಸಿ ಕಳಿಸಿದ ಜನವೇ ಸರಿ ಎಂದು ಅವರ ದೃಢವಾದ ನಂಬಿಕೆ.

ಈ ಅನುಮಾನವನ್ನು ಅಜ್ಞಾನವೆಂದು ಕರೆದು ನಗುವ ವಿದ್ವಾಂಸರಿದ್ದಾರೆ. ನಾವು ನಗಲಾರೆವು. ತಮ್ಮನ್ನು ಎಣಿಸಲು, ಅಳೆಯಲು ಬಂದವರನ್ನು ಕಂಡು ಬಡವರು ಬೆದರುವುದಕ್ಕೆ ಈ ದೇಶದಲ್ಲಿ ತಕ್ಕ ಕಾರಣವಿದೆ. ಆ ಕಾರಣ ನೂರೈವತ್ತು ವರ್ಷಗಳಷ್ಟು ಹಳೆಯದು. ಆದುದರಿಂದ ಈ ವಾರ ಬೆಲೆ ಏರಿಕೆಯನ್ನೂ ಬೋನಸ್ಸಿನ ಮಾತನ್ನೂ ಪಕ್ಕಕ್ಕಿಟ್ಟು, ಸಮಾಜಶಾಸ್ತ್ರ, ಮಾನವಶಾಸ್ತ್ರಗಳೆಂಬ ಈ ಶಾಸ್ತ್ರಗಳು ನಮ್ಮಿಂದ ಏನನ್ನು ಒಯ್ದವು, ನಮಗೆ ಏನನ್ನು ತಂದುಕೊಟ್ಟವು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಬಂದವರು ಬಿಳಿಯ ಅಧಿಕಾರಿಗಳು. ಅವರು ಹಿಡಿದು ಬಂದದ್ದು ಪ್ರಶ್ನಾವಳಿಯಲ್ಲ, ಕೈವಾರದಂಥ ಕಬ್ಬಿಣದ ಸಲಕರಣೆ. ೧೯೦೧ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲಿ ಎಂಬಾತ ಜನರ ಮೂಗುಗಳನ್ನು ಅಳೆಸಿ, ಮೂಗು ಅಗಲವಾದಷ್ಟೂ ಜಾತಿ ಕೀಳೆಂದು ಸಿದ್ಧಾಂತ ಹೂಡಿದನು. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಥರ್ಸ್ಟನ್ ಅದೇ ಹಾದಿ ಹಿಡಿದು, ದಕ್ಷಿಣದ ಜಾತಿ, ಬುಡಕಟ್ಟುಗಳ ಮೇಲೆ ೧೯೦೯ರಲ್ಲಿ ಏಳು ಸಂಪುಟಗಳನ್ನು ಹೊರತಂದನು. ತಲೆ ಅಳೆಯುವ ಈ ವಿದ್ಯೆಯನ್ನು ಅವನು ಪೋಲೀಸರಿಗೂ ಪಾಠ ಹೇಳಿಕೊಟ್ಟನು. ಶಾಸ್ತ್ರವೂ ಠಾಣೆಯೂ ಒಂದೇ ಜಗುಲಿಯ ಮೇಲೆ ಕುಳಿತಿದ್ದ ಕಾಲ ಅದು.

ಇದರ ಫಲವನ್ನು ಉಂಡವರು ಯಾರು? ೧೮೭೧ರಲ್ಲಿಯೇ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾನೂನು ಎಂಬುದನ್ನು ಮಾಡಿತ್ತು. ಮೊದಲು ಉತ್ತರದಲ್ಲಿದ್ದ ಈ ಕಾನೂನು ೧೯೧೧ರ ತಿದ್ದುಪಡಿಯಿಂದ ದೇಶದ ಉಳಿದ ಭಾಗಗಳಿಗೂ ಹರಡಿತು. ಕುಲದ ಹೆಸರು ಪಟ್ಟಿಯಲ್ಲಿ ಬಂತೆಂದರೆ ತೀರಿತು. ಹುಟ್ಟಿದ ಮಗುವೂ ಕಳ್ಳನೇ. ದಿನಂಪ್ರತಿ ಹಾಜರಿ, ಊರು ಬಿಡಲು ಚೀಟಿ, ಬೆರಳಿನ ಗುರುತು. ಕೊರಚ, ಕೊರಮರೇ ಮೊದಲಾದ ಅಲೆಮಾರಿ ಜನರನ್ನು ಕುರಿತು ವಿದ್ವಾಂಸರು ಬರೆದಿಟ್ಟ ಕಥೆಗಳು ಪೋಲೀಸು ಅಧಿಕಾರಿಗಳಿಗೆ ಕೈಪಿಡಿಗಳಾದವು. ಮುಂಬಯಿ ಪ್ರಾಂತದಲ್ಲಿ ಅಂಥವರನ್ನು ಒಂದೆಡೆ ಕೂಡಿಹಾಕಿದ ಜಾಗಗಳಿಗೆ ಸೆಟ್ಲಮೆಂಟ್ ಎಂದು ಹೆಸರು. ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ಆ ಹೆಸರಿನ ಬಡಾವಣೆಗಳು ಇಂದಿಗೂ ಇವೆ. ಅಲ್ಲಿ ಹಾದುಹೋಗುವ ಎಷ್ಟೋ ಮಂದಿಗೆ ಆ ಹೆಸರು ಎಲ್ಲಿಂದ ಬಂತೆಂಬುದು ತಿಳಿದಿರಲಾರದು. ಸೊಲ್ಲಾಪುರದಲ್ಲಿ ಈ ಜನರನ್ನು ಮುಳ್ಳುತಂತಿಯ ಒಳಗಿಟ್ಟು ಹತ್ತಿ ಗಿರಣಿಗಳಿಗೆ ಕೂಲಿಗಳನ್ನಾಗಿ ಕಳಿಸಿದರು. ಗಿರಣಿ ಸಂಗಾತಿಗಳು ಇದನ್ನು ಗಮನವಿಟ್ಟು ಓದಬೇಕು. ಓಡಿಹೋಗಲು ಸಾಧ್ಯವಿಲ್ಲದ, ಮುಷ್ಕರ ಹೂಡಿದರೆ ಕಾನೂನಿನ ಬಲೆಗೆ ಬೀಳುವ ಕೂಲಿಯಾಳು ಯಾವ ಮಾಲೀಕನಿಗೆ ಬೇಡ? ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, ೧೯೫೨ರ ಆಗಸ್ಟ್ ೩೧ರಂದು ಈ ಕಾನೂನು ರದ್ದಾಯಿತು. ಆ ಜನರನ್ನು ವಿಮುಕ್ತರೆಂದು ಕರೆದರು. ಆದರೆ ಬೆನ್ನಹಿಂದೆಯೇ ರಾಜ್ಯ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು. ನಮ್ಮ ರಾಜ್ಯದ್ದು ೧೯೬೧ರದು. ಹೊಸ ಸೀಸೆಯಲ್ಲಿ ಹಳೆಯ ಹೆಂಡ.

ಮೂಗಿನ ಶಾಸ್ತ್ರವನ್ನು ಬಯಲಿಗೆಳೆದವರೂ ವಿಶ್ವವಿದ್ಯಾನಿಲಯದವರೇ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ೧೯೧೯ರಲ್ಲಿಯೇ ಸಮಾಜಶಾಸ್ತ್ರ ವಿಭಾಗ ತೆರೆದಿತ್ತು. ಅಲ್ಲಿನ ಪ್ರೊಫೆಸರ್ ಘುರ್ಯೆಯವರು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರಿಸ್ಲಿಯ ಲೆಕ್ಕವು ಉತ್ತರದ ಒಂದು ಸೀಮೆಯನ್ನು ಬಿಟ್ಟರೆ ಬೇರೆಲ್ಲಿಯೂ ಹೊಂದುವುದಿಲ್ಲವೆಂದು, ಅವನವೇ ಅಂಕಿಗಳನ್ನು ಮುಂದಿಟ್ಟುಕೊಂಡು ತೋರಿಸಿದರು. ಈ ಘುರ್ಯೆಯವರ ಶಿಷ್ಯರಲ್ಲೊಬ್ಬರು ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು. ಮುಂದಿನ ಮಾತೆಲ್ಲ ಬಹುಮಟ್ಟಿಗೆ ಇವರ ಸುತ್ತಲೇ ನಡೆಯಬೇಕಾಗಿದೆ.

ಶ್ರೀನಿವಾಸರು ೧೯೧೬ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಬ್ರಾಹ್ಮಣರು, ಆಕ್ಸ್‌ಫರ್ಡಿನಲ್ಲಿ ಓದಿದವರು. ೧೯೫೨ರಲ್ಲಿ ಕೊಡವರ ಧರ್ಮ, ಸಮಾಜಗಳ ಮೇಲೆ ಅವರ ಗ್ರಂಥ ಬಂತು. ಅದಕ್ಕೆ ಮೊದಲೇ, ೧೯೪೮ರಲ್ಲಿ, ಅವರು ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ನೆಲೆಸಿದರು. ಪುಸ್ತಕದಲ್ಲಿ ಆ ಊರಿಗೆ ರಾಂಪುರವೆಂದು ಹೆಸರಿಟ್ಟರು. ಕೊಠಡಿಯಲ್ಲಿ ಕುಳಿತು ಮನುಸ್ಮೃತಿಯನ್ನು ತಿರುವಿಹಾಕಿ ಭಾರತದ ಜಾತಿ ಹೀಗಿದೆ ಎಂದು ಬರೆಯುತ್ತಿದ್ದ ಕಾಲದಲ್ಲಿ, ಹೊಲದ ಬದುವಿನ ಮೇಲೆ ನಿಂತು ನೋಡೋಣವೆಂದು ಹೊರಟದ್ದು ಸಣ್ಣ ಸಾಹಸವಲ್ಲ. ನೋಡಿದಾಗ ಕಂಡದ್ದೇನು? ಶಾಸ್ತ್ರದಲ್ಲಿ ಯಾರು ಮೇಲೆಂದು ಬರೆದಿದೆಯೋ ಅವರ ಮಾತು ಊರಿನಲ್ಲಿ ನಡೆಯುತ್ತಿರಲಿಲ್ಲ. ಯಾರ ಕೈಯಲ್ಲಿ ಭೂಮಿ ಇತ್ತೋ, ಯಾರ ತಲೆ ಎಣಿಕೆ ಹೆಚ್ಚಿತ್ತೋ ಅವರ ಮಾತು ನಡೆಯುತ್ತಿತ್ತು. ಇದನ್ನವರು ಪ್ರಬಲ ಜಾತಿ ಎಂದು ಕರೆದರು. ರಾಂಪುರದ ಪ್ರಬಲ ಜಾತಿಯ ಮೇಲೆ ೧೯೫೯ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ನ್ಯಾಯ ಪಂಚಾಯಿತಿ ಯಾರ ಜಗುಲಿಯಲ್ಲಿ ನಡೆಯುತ್ತದೆ, ದಂಡ ಹಾಕುವವರು ಯಾರು, ಜೀತಗಾರ ಯಾರ ಮನೆಯ ಹೆಸರಿನಿಂದ ಗುರುತಿಸಿಕೊಳ್ಳುತ್ತಾನೆ, ಇದೆಲ್ಲವೂ ಆ ಬರಹಗಳಲ್ಲಿದೆ.

ಸಮಾಜವಾದಿಗಳಾದ ನಮಗೆ ಇದರಲ್ಲಿ ಹೊಸದೇನೂ ಇಲ್ಲವೆಂದು ಕೆಲವರು ಹೇಳಬಹುದು. ಭೂಮಿ ಉಳ್ಳವನೇ ಊರಿನ ಒಡೆಯನೆಂದು ಗೇಣಿದಾರನಿಗೆ ಪ್ರೊಫೆಸರರು ಹೇಳಿಕೊಡಬೇಕೆ? ನಿಜ. ಆದರೆ ಗೇಣಿದಾರನಿಗೆ ತಿಳಿದಿದ್ದನ್ನು ವಿಧಾನಸೌಧವೂ ನ್ಯಾಯಾಲಯವೂ ತಿಳಿಯಬೇಕಾದರೆ ಅದು ಬರೆದು, ಲೆಕ್ಕ ಕಟ್ಟಿ, ಅಚ್ಚಾಗಬೇಕಾಗುತ್ತದೆ. ೧೯೭೨ರಲ್ಲಿ ನೇಮಕಗೊಂಡ ಹಾವನೂರ್ ಆಯೋಗವು ಊರೂರಿಗೆ ಸಮೀಕ್ಷೆಯವರನ್ನು ಕಳಿಸಿ, ಅಂಕಿಗಳನ್ನು ಕಲೆಹಾಕಿ, ೧೯೭೫ರಲ್ಲಿ ವರದಿ ಕೊಟ್ಟಿತು. ಅಂಥ ವರದಿ ಇಲ್ಲದೆ ಹಿಂದುಳಿದವರ ಮೀಸಲಾತಿ ನ್ಯಾಯಾಲಯದ ಮೆಟ್ಟಿಲಲ್ಲೇ ಎಡವಿ ಬೀಳುತ್ತಿತ್ತು. ೧೯೬೨ರ ಬಾಲಾಜಿ ಮೊಕದ್ದಮೆಯಲ್ಲಿ ಮೈಸೂರು ಸರ್ಕಾರದ ಆಜ್ಞೆ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದನ್ನು ಹಿರಿಯರು ಮರೆತಿರಲಾರರು. ಹಾಗಾಗಿ ಸಂಶೋಧನೆಯೆಂದರೆ ಮೂಗು ಮುರಿಯುವ ಕೆಲವು ಗೆಳೆಯರೊಡನೆ ನಮಗೆ ಸಮ್ಮತಿಯಿಲ್ಲ.

ಈಗ ಒಂದು ಶಬ್ದದ ಕಥೆಯನ್ನು ಹೇಳುತ್ತೇವೆ. ಈ ಶಬ್ದವನ್ನು ನಮ್ಮ ಓದುಗರು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ವೋಟ್ ಬ್ಯಾಂಕ್. ಇದನ್ನು ಯಾವುದೋ ಪತ್ರಿಕೆಯವರೋ ರಾಜಕಾರಣಿಯೋ ಕಟ್ಟಿದರೆಂದು ತಿಳಿದಿರುವವರೇ ಹೆಚ್ಚು. ಶ್ರೀನಿವಾಸರು ಇದೇ ರಾಂಪುರವನ್ನು ಕುರಿತು ಬರೆದ, ೧೯೫೫ರಲ್ಲಿ ಭಾರತದ ಹಳ್ಳಿಗಳ ಮೇಲಣ ಪ್ರಬಂಧಗಳ ಸಂಗ್ರಹವೊಂದರಲ್ಲಿ ಸೇರಿದ ಲೇಖನದಲ್ಲಿ ಈ ಮಾತನ್ನು ಬಳಸಿದರು. ಅಲ್ಲಿ ಅದರ ಅರ್ಥವೇನು? ಊರಿನ ಭೂಮಾಲೀಕನಿಗೆ ಒಕ್ಕಲುಗಳಿರುತ್ತಾರೆ, ಸಾಲಗಾರರಿರುತ್ತಾರೆ, ಜೀತದಾಳುಗಳಿರುತ್ತಾರೆ. ಚುನಾವಣೆ ಬಂದಾಗ ಪಟ್ಟಣದ ರಾಜಕಾರಣಿಯು ಈ ಮಾಲೀಕನೊಬ್ಬನನ್ನು ಒಲಿಸಿಕೊಂಡರೆ ಸಾಕು, ಅವನ ಅಂಗೈಯಲ್ಲಿರುವ ಮತಗಳೆಲ್ಲ ಬಂದುಬೀಳುತ್ತವೆ. ಠೇವಣಿ ಇಟ್ಟ ಹಣದಂತೆ ಮತಗಳು ಕುಳಿತಿರುವುದು ಒಡೆಯನ ತಿಜೋರಿಯಲ್ಲಿ. ಅಂದರೆ ಆ ಶಬ್ದ ಬೊಟ್ಟು ಮಾಡಿದ್ದು ಉಳ್ಳವನ ಕಡೆಗೆ.

ಎಪ್ಪತ್ತು ವರ್ಷಗಳಲ್ಲಿ ಆ ಬೊಟ್ಟು ಎತ್ತ ತಿರುಗಿದೆ ನೋಡಿ! ಇಂದು ವೋಟ್ ಬ್ಯಾಂಕ್ ಎಂದರೆ ಮುಸ್ಲಿಮರು, ದಲಿತರು, ಹಿಂದುಳಿದವರು, ಕೊಳಚೆ ಪ್ರದೇಶದ ಜನ. ಕೂಲಿಗಾರರು ಒಟ್ಟಾಗಿ ಯೋಚಿಸಿ ಒಂದು ಕಡೆಗೆ ಮತ ಹಾಕಿದರೆ ಅದು ವೋಟ್ ಬ್ಯಾಂಕ್ ರಾಜಕೀಯ; ಪೇಟೆಯ ದೊಡ್ಡ ವರ್ತಕರೂ ಗುತ್ತಿಗೆದಾರರೂ ಒಟ್ಟಾಗಿ ಒಂದು ಪಕ್ಷದ ಹುಂಡಿಗೆ ಹಣ ಸುರಿದರೆ ಅದಕ್ಕೆ ಯಾವ ಹೆಸರೂ ಇಲ್ಲ. ಒಡೆಯನ ಅಧಿಕಾರವನ್ನು ತೋರಿಸಲು ಹುಟ್ಟಿದ ಮಾತು ಬಡವನನ್ನು ಹೀಯಾಳಿಸುವ ಬೈಗುಳವಾಗಿ ಮಾರ್ಪಟ್ಟಿತು. ಇದು ಶ್ರೀನಿವಾಸರ ತಪ್ಪಲ್ಲ. ಆದರೆ ಯಾರ ಬದುಕನ್ನು ನೋಡಿ ಆ ಮಾತನ್ನು ಕಟ್ಟಲಾಯಿತೋ ಆ ಒಕ್ಕಲುಮಕ್ಕಳಿಗೆ, ಆ ಜೀತಗಾರರಿಗೆ ಅದರ ಮೂಲಾರ್ಥ ಅವರ ನುಡಿಯಲ್ಲಿ ತಲುಪಿದ್ದರೆ, ಅದನ್ನು ಅಷ್ಟು ಸುಲಭವಾಗಿ ಅವರ ಕೈಯಿಂದ ಕಿತ್ತುಕೊಂಡು ಅವರ ಮುಖಕ್ಕೇ ಎಸೆಯಲು ಬರುತ್ತಿರಲಿಲ್ಲ. ಚುನಾವಣಾ ಸಭೆಯಲ್ಲಿ ಯಾರಾದರೂ ಈ ಬೈಗುಳವನ್ನು ಬಳಸಿದರೆ, ಎದ್ದು ನಿಂತು ಅದರ ಹುಟ್ಟಿದೂರನ್ನು ಕೇಳಿರೆಂದು ಸಂಗಾತಿಗಳಿಗೆ ಸೂಚಿಸುತ್ತೇವೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ರಾಂಪುರದಲ್ಲಿ ಶ್ರೀನಿವಾಸರು ಇಳಿದುಕೊಂಡದ್ದು ಎಲ್ಲಿ? ಊರಿನ ಪಟೇಲನ ಆಶ್ರಯದಲ್ಲಿ, ಅವನಿಗೆ ಸೇರಿದ ಮನೆಯಲ್ಲಿ. ಹೊರಗಿನಿಂದ ಬಂದವನಿಗೆ ಬೇರೆ ಆಸರೆ ದೊರೆಯುವುದು ಕಷ್ಟವೆಂಬುದು ನಮಗೆ ತಿಳಿದಿದೆ. ಹಳ್ಳಿಯಲ್ಲಿ ಶಾಲೆ ಕಲಿಸಲು ಹೋದ ಉಪಾಧ್ಯಾಯನೂ ಮೊದಲ ರಾತ್ರಿ ಪಟೇಲನ ಮನೆಯ ಊಟವನ್ನೇ ಉಣ್ಣಬೇಕು. ಆದರೆ ಯಾರ ಅನ್ನ ಉಂಡೆವೋ ಅವರ ಜಗುಲಿಯಿಂದ ಊರು ಒಂದು ತೆರನಾಗಿ ಕಾಣುತ್ತದೆ, ಹೊಲಗೇರಿಯ ಹುಣಿಸೆಮರದ ಕೆಳಗಿನಿಂದ ಇನ್ನೊಂದು ತೆರನಾಗಿ ಕಾಣುತ್ತದೆ. ಪಟೇಲನ ಅತಿಥಿಯು ಕೇರಿಗೆ ಹೋಗಿ ದಿನವೆಲ್ಲ ಕುಳಿತು ಅಲ್ಲಿಯವರ ದುಃಖ ಕೇಳಿದರೆ ಪಟೇಲನ ಮುಖ ಏನಾದೀತು? ತಾವು ಕಂಡದ್ದು ಮೇಲ್ಜಾತಿಯ ಕಣ್ಣಿನ ಹಳ್ಳಿಯೆಂದು ಶ್ರೀನಿವಾಸರೇ ಮುಂದೆ ಬರೆದುಕೊಂಡರು. ಹಾಗೆ ಬರೆದುಕೊಳ್ಳುವ ಪ್ರಾಮಾಣಿಕತೆ ಎಲ್ಲ ಪಂಡಿತರಿಗೂ ಇರುವುದಿಲ್ಲವಾದ್ದರಿಂದ ಅವರ ಬಗ್ಗೆ ನಮ್ಮ ಗೌರವ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಆದರೂ ಆ ಇನ್ನೊಂದು ರಾಂಪುರ, ಮರದ ಕೆಳಗಿನ ರಾಂಪುರ, ಪುಸ್ತಕದಲ್ಲಿ ತೆಳ್ಳಗೆ ಉಳಿಯಿತು.

ಆ ಪುಸ್ತಕ ಹೊರಬಂದ ರೀತಿಯೂ ವಿಚಿತ್ರವಾದದ್ದು. ೧೯೭೦ರ ಏಪ್ರಿಲ್ ೨೪ರಂದು, ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರದಲ್ಲಿ ಯಾರೋ ಇಟ್ಟ ಬೆಂಕಿಗೆ, ಅವರು ವರ್ಷಗಟ್ಟಲೆ ತಿದ್ದಿ ಒಪ್ಪಮಾಡಿದ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದವು. ಎದೆಗುಂದದೆ ನೆನಪಿನಿಂದಲೇ ಬರೆದರು, ೧೯೭೬ರಲ್ಲಿ ಪ್ರಕಟವಾಯಿತು. ಜಗತ್ತಿನ ವಿದ್ವಾಂಸರು ಅದನ್ನು ಮೆಚ್ಚಿದರು. ನಾವೂ ಮೆಚ್ಚುತ್ತೇವೆ. ಆದರೆ ಮೈಸೂರಿನ ಹಳ್ಳಿಯೊಂದರ ಟಿಪ್ಪಣಿಗಳ ಮೂರು ಪ್ರತಿಗಳೂ ಕ್ಯಾಲಿಫೋರ್ನಿಯದಲ್ಲಿದ್ದವು ಎಂಬುದು ಓದುವಾಗ ಮನಸ್ಸಿಗೆ ಒಂದಿಷ್ಟು ಚುಚ್ಚುತ್ತದೆ. ಒಂದು ಪ್ರತಿ ಆ ಊರಿನ ಶಾಲೆಯ ಬೀರುವಿನಲ್ಲಿದ್ದಿದ್ದರೆ?

ಮಂಡ್ಯದ ಕಥೆ ಇದಕ್ಕಿಂತ ನಮ್ಮ ಓದುಗರಿಗೆ ಹತ್ತಿರದ್ದು. ೧೮೪೦ರ ದಶಕದಲ್ಲಿ ಧಾರವಾಡ ಸೀಮೆಯ ಕರಿನೆಲದಲ್ಲಿ ಅಮೆರಿಕದ ಹತ್ತಿಬೀಜವನ್ನು ಬಿತ್ತಿಸಿದ್ದು ಮ್ಯಾಂಚೆಸ್ಟರಿನ ಗಿರಣಿಗಳ ಹೊಟ್ಟೆ ತುಂಬಿಸಲು ಎಂಬುದನ್ನು ನಮ್ಮ ಪತ್ರಿಕೆ ಹಿಂದೆಯೂ ಬರೆದಿದೆ. ಹತ್ತಿ ಅಲ್ಲಿಗೆ ಹೋಗಿ, ಬಟ್ಟೆಯಾಗಿ, ಬೆಲೆ ಏರಿಸಿಕೊಂಡು ಇಲ್ಲಿಗೇ ಬರುತ್ತಿತ್ತು. ೧೯೫೪ರಲ್ಲಿ ಅದೇ ಮ್ಯಾಂಚೆಸ್ಟರಿನ ವಿಶ್ವವಿದ್ಯಾನಿಲಯದಿಂದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಹಿಳೆ ಮಂಡ್ಯ ಜಿಲ್ಲೆಗೆ ಬಂದು ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಒಂದಕ್ಕೆ ವಂಗಲ, ಇನ್ನೊಂದಕ್ಕೆ ದಲೇನ ಎಂದು ಮರೆಹೆಸರು ಕೊಟ್ಟರು. ೧೯೬೨ರಲ್ಲಿ ಗ್ರಂಥ ಬಂತು. ಪ್ರಕಾಶಕರು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದವರೇ. ಆಕೆ ದುರುದ್ದೇಶದಿಂದ ಬಂದವರಲ್ಲ, ಹಿಟ್ಲರನ ಹಾವಳಿಗೆ ವಿಯೆನ್ನಾ ಬಿಟ್ಟು ಓಡಿಬಂದ ಯಹೂದಿ ಮನೆತನದವರು. ಅವರು ಮಾಡಿದ ಕೆಲಸ ದುಡಿಯುವ ಜನರಿಗೆ ಬಹಳ ಬೆಲೆಯುಳ್ಳದ್ದು.

ಏನು ಕಂಡರು? ವಂಗಲಕ್ಕೆ ನಾಲೆಯ ನೀರು ಬಂದಿತ್ತು. ಕಬ್ಬು ಬಂತು, ಮಂಡ್ಯದ ಸಕ್ಕರೆ ಕಾರ್ಖಾನೆ ಕೊಂಡಿತು, ಒಕ್ಕಲಿಗರ ಕೈಯಲ್ಲಿ ಕಾಸಾಡಿತು. ಇಷ್ಟು ಹಣ ಬಂದ ಮೇಲೆ ಊರು ಬದಲಾಗಿರಬೇಕಲ್ಲವೆ? ಇಲ್ಲ. ಹೆಚ್ಚು ನೀರಿಗೆ ಹೆಚ್ಚು ಆಳು ಬೇಕಾಯಿತು, ಹಳೆಯ ಒಡೆಯ ಆಳಿನ ವಂಶಪಾರಂಪರ್ಯದ ನಂಟು ಗಟ್ಟಿಯಾಗಿಯೇ ಉಳಿಯಿತು. ದಲೇನ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಏರಲಿಲ್ಲ. ಸುತ್ತ ಹಸಿರು, ನಡುವೆ ಒಣ ಊರು. ಆ ಜನ ಸುಮ್ಮನೆ ಕೂರದೆ ಕಾರ್ಖಾನೆಯ ಕೆಲಸಕ್ಕೆ ಹೋದರು, ಗಾಡಿ ಹೊಡೆದರು, ಹಿಟ್ಟಿನ ಗಿರಣಿ ಹಾಕಿದರು, ಚಿಲ್ಲರೆ ವ್ಯಾಪಾರಕ್ಕಿಳಿದರು. ಹಳೆಯ ಕಟ್ಟುಗಳು ಸಡಿಲವಾದದ್ದು ಆ ಒಣ ಊರಿನಲ್ಲಿ! ನೀರು ಕೊಟ್ಟರೆ, ರಸ್ತೆ ಹಾಕಿದರೆ, ಉತ್ಪಾದನೆ ಹೆಚ್ಚಿದರೆ ಸಮಾನತೆ ತಾನಾಗಿ ಬರುತ್ತದೆಂದು ಯೋಜನಾ ಮಂಡಲಿಯ ಮಹಾಶಯರು ಹೇಳುತ್ತಿದ್ದ ದಿನಗಳಲ್ಲಿ, ಅದು ಹಾಗಲ್ಲವೆಂಬುದಕ್ಕೆ ಮಂಡ್ಯದ ಎರಡು ಊರುಗಳೇ ಸಾಕ್ಷಿ ನುಡಿದಿದ್ದವು. ಆಕೆ ೧೯೭೦ರಲ್ಲಿ ಮತ್ತೆ ಬಂದು ನೋಡಿದಾಗ ಉಳ್ಳವರು ಇನ್ನಷ್ಟು ಉಳ್ಳವರಾಗಿದ್ದರು, ಇಲ್ಲದವರಿಗೂ ಅವರಿಗೂ ನಡುವಣ ಅಂತರ ಹಿಗ್ಗಿತ್ತು; ಅದು ೧೯೭೩ರ ಪುಸ್ತಕ.

ಈ ಸಾಕ್ಷ್ಯವನ್ನು ನಮ್ಮ ರೈತ ಸಭೆಗಳಲ್ಲಿ, ಕಬ್ಬಿನ ಬೆಲೆಯ ಚಳವಳಿಗಳಲ್ಲಿ ಎಷ್ಟು ಜನ ಬಳಸಿದರು? ಬೆರಳೆಣಿಕೆಯಷ್ಟು ಇದ್ದಾರು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಬೆಲೆ ಪೌಂಡುಗಳಲ್ಲಿತ್ತು. ಹತ್ತಿ ಹೋದ ಹಾದಿಯಲ್ಲೇ ಹಳ್ಳಿಯೂ ಹೋಯಿತು. ಹತ್ತಿಯಾದರೂ ಬಟ್ಟೆಯಾಗಿ ಹಿಂದಿರುಗುತ್ತಿತ್ತು. ಎಪ್‌ಸ್ಟೀನರಿಗೆ ಇದರ ಅರಿವಿತ್ತೆಂದೇ ತೋರುತ್ತದೆ. ೧೯೯೮ರಲ್ಲಿ ಆ ಹಳ್ಳಿಗಳ ಮೇಲೆ ಬಂದ ಮೂರನೆಯ ಪುಸ್ತಕದಲ್ಲಿ ಅವರ ಹೆಸರಿನ ಜೊತೆ ಎ. ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಎಂಬ ಇಬ್ಬರು ಕನ್ನಡಿಗರ ಹೆಸರೂ ಲೇಖಕರ ಸ್ಥಾನದಲ್ಲಿ ಬಂತು. ಒಳ್ಳೆಯದೇ ಆಯಿತು. ಆದರೆ ಭಾಷೆ ಮಾತ್ರ ಅದೇ.

ಕಾರ್ಖಾನೆಯ ಜನರನ್ನು ಕುರಿತದ್ದು ಇಲ್ಲವೇ ಎಂದು ಗಿರಣಿಯವರು ಕೇಳಬಹುದು. ಇದೆ. ಮಾರ್ಕ್ ಹೋಮ್‌ಸ್ಟ್ರಮ್ ಎಂಬುವರು ಬೆಂಗಳೂರಿನ ಕಾರ್ಖಾನೆಗಳ ಕೆಲಸಗಾರರ ಮೇಲೆ ೧೯೭೬ರಲ್ಲಿ ಒಂದು ಗ್ರಂಥ ಬರೆದರು. ಖಾಯಂ ಕೆಲಸ ದೊರೆತವನು ಕೋಟೆಯ ಒಳಗೆ ಸೇರಿದಂತೆ, ಉಳಿದವರೆಲ್ಲ ಕೋಟೆಯ ಹೊರಗೆ ಕಾದು ನಿಂತವರು ಎಂಬ ಚಿತ್ರವನ್ನು ಅದರಲ್ಲಿ ಕೊಟ್ಟರು. ಇದನ್ನು ಓದಿ ಮಾಲೀಕರ ವಕೀಲರಿಗೆ ಸಂತೋಷವಾಗಿರಬೇಕು. ಖಾಯಂ ಕೆಲಸಗಾರನೇ ಬಡವನ ಶತ್ರುವೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕೆ? ಆದರೆ ಅದೇ ಲೇಖಕರು ಸಣ್ಣ ಕಾರ್ಖಾನೆಗಳನ್ನೂ ಹಂಗಾಮಿ ಕೂಲಿಗಳನ್ನೂ ಹೆಚ್ಚಾಗಿ ನೋಡಿದ ಮೇಲೆ, ೧೯೮೪ರ ತಮ್ಮ ಇನ್ನೊಂದು ಪುಸ್ತಕದಲ್ಲಿ ಕೋಟೆಯ ಚಿತ್ರವನ್ನು ಕೈಬಿಟ್ಟರು. ನಡುವೆ ಗೋಡೆಯಿಲ್ಲ, ಮೆಟ್ಟಿಲು ಮೆಟ್ಟಿಲಾದ ಇಳಿಜಾರಿದೆ ಎಂಬ ಅರ್ಥ ಬರುವಂತೆ ತಿದ್ದಿಕೊಂಡರು. ಖಾಯಮ್ಮಿನವನ ತಮ್ಮ ಬದಲಿ, ಬದಲಿಯ ಹೆಂಡತಿ ಬೀಡಿ ಕಟ್ಟುವವಳು, ಅವಳ ಅಣ್ಣ ಸೋಡಾ ಅಂಗಡಿಯವನು. ಒಂದೇ ಚಾಳಿನ ಒಂದೇ ಮನೆಯಲ್ಲಿ ಇಳಿಜಾರಿನ ಎಲ್ಲ ಮೆಟ್ಟಿಲುಗಳೂ ಇವೆಯೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ವಿದ್ವಾಂಸರ ಮೊದಲ ಪುಸ್ತಕವನ್ನು ಯೂನಿಯನ್ನಿನ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿದ್ದರೆ, ತಿದ್ದುಪಡಿಗೆ ಎಂಟು ವರ್ಷ ಬೇಕಾಗುತ್ತಿತ್ತೆ? ಅಲ್ಲೇ ಹತ್ತು ಜನ ಎದ್ದು ನಿಲ್ಲುತ್ತಿದ್ದರು.

ಮಾತು ಭಾಷೆಗೆ ಬಂದು ನಿಂತಿತು. ಡಾಕ್ಟರ್ ಲೋಹಿಯಾ ಅವರು ಇಂಗ್ಲಿಷನ್ನು ಹೊರಹಾಕಿರೆಂದು ಹೇಳಿದಾಗ ಅವರನ್ನು ಕುರುಡು ಅಭಿಮಾನಿಯೆಂದು ಜರೆದವರಿದ್ದಾರೆ. ಬರ್ಲಿನ್ನಿಗೆ ಹೋಗಿ, ಜರ್ಮನ್ ಭಾಷೆ ಕಲಿತು, ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿ ಪಡೆದವರು ಭಾಷೆಗೆ ಹೆದರುವವರಾಗಿರಲಿಲ್ಲ. ಅವರ ಆಕ್ಷೇಪಣೆ ಇದ್ದದ್ದು ಬೀಗದ ಕೈಯ ಬಗ್ಗೆ. ಯಾರ ಬದುಕಿನ ಲೆಕ್ಕವೋ ಅವರಿಗೇ ಓದಲು ಬಾರದ ಭಾಷೆಯಲ್ಲಿ ಲೆಕ್ಕ ಬರೆದರೆ, ಅದು ಸಾಹುಕಾರನ ವಹಿಗಿಂತ ಹೇಗೆ ಭಿನ್ನವಾಯಿತು? ಹಂಪಿಯ ಕನ್ನಡ ವಿಶ್ವವಿದ್ಯಾಲಯವು ೧೯೯೧ರಲ್ಲಿ ಸ್ಥಾಪನೆಯಾದ ಮೇಲೆ ಕನ್ನಡದಲ್ಲಿಯೇ ಪ್ರಬಂಧ ಬರೆದು ಪದವಿ ಪಡೆಯುವ ಬಾಗಿಲು ಅಗಲವಾಗಿ ತೆರೆಯಿತು. ಅಲೆಮಾರಿಗಳ, ದಲಿತರ, ಕುಶಲಕರ್ಮಿಗಳ ಮನೆಗಳಿಂದಲೇ ಬಂದ ತರುಣರು ತಮ್ಮ ಕೇರಿಯನ್ನು ತಾವೇ ಬರೆಯತೊಡಗಿದರು. ಅಲ್ಲಿಯೂ ಎಲ್ಲವೂ ಚಿನ್ನವೆಂದು ನಾವು ಹೇಳುವುದಿಲ್ಲ. ಹಳೆಯ ಪ್ರಬಂಧದ ಹಾಳೆ ತಿರುವಿ ಹೊಸ ಪ್ರಬಂಧ ಬರೆಯುವವರು ಎಲ್ಲ ಭಾಷೆಯಲ್ಲಿಯೂ ಇದ್ದಾರೆ. ಆದರೂ ಮರದ ಕೆಳಗಿನ ಊರು ಮೊದಲ ಸಲ ತನ್ನ ಬಾಯಿಂದ ತಾನು ಮಾತಾಡುತ್ತಿದೆಯೆಂಬುದು ಸಣ್ಣ ಸಂಗತಿಯಲ್ಲ.

೧೯೫೧ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಎದ್ದು ನಿಂತದ್ದು ಯಾವ ಪ್ರಶ್ನೆಯ ಮೇಲೆ? ಕೊಳಗದ ಪ್ರಶ್ನೆಯ ಮೇಲೆ. ಭತ್ತವನ್ನು ಕೊಡುವಾಗ ಒಡೆಯನ ಅಳತೆ ಒಂದು, ಗೇಣಿ ಪಡೆಯುವಾಗ ಅಳತೆ ಇನ್ನೊಂದು. ಸಮಾಜವಾದಿಗಳು ಆ ಸತ್ಯಾಗ್ರಹದಲ್ಲಿ ಜೊತೆಯಾದರು; ಲೋಹಿಯಾ ಅವರೂ ಬಂದು ಸೆರೆಯಾದರು. ಕೊಳಗವೇ ಬೇಡವೆಂದು ಆ ರೈತರು ಹೇಳಲಿಲ್ಲ. ಅಳತೆ ಇಲ್ಲದೆ ಬೇಸಾಯ ನಡೆಯುವುದುಂಟೆ? ಎರಡೂ ಕಡೆಗೆ ಒಂದೇ ಕೊಳಗವಿರಲಿ, ಅದು ನಮ್ಮ ಕಣ್ಣೆದುರಿಗಿರಲಿ ಎಂದರು. ವಿಶ್ವವಿದ್ಯಾನಿಲಯದ ಸಂಶೋಧನೆಯ ವಿಷಯದಲ್ಲಿಯೂ ನಮ್ಮ ನಿಲುವು ಇದೇ.

ಇದು ಬರಿಯ ಪಂಡಿತರ ಚರ್ಚೆಯೆಂದು ಭಾವಿಸುವವರು ನಮ್ಮ ರಾಜ್ಯದ ಜಾತಿ ಸಮೀಕ್ಷೆಯ ಗತಿಯನ್ನು ನೋಡಲಿ. ೨೦೧೫ರಲ್ಲಿ ಹಿಂದುಳಿದ ವರ್ಗಗಳ ಆಯೋಗವು ಮನೆಮನ ಬಾಗಿಲಿಗೂ ಎಣಿಕೆಯವರನ್ನು ಕಳಿಸಿತು. ಜನ ನಂಬಿ ಉತ್ತರ ಕೊಟ್ಟರು. ವರದಿ ಸರ್ಕಾರದ ಕೈ ಸೇರಿದ್ದು ೨೦೨೪ರ ಫೆಬ್ರವರಿಯಲ್ಲಿ. ಒಂಬತ್ತು ವರ್ಷ! ಯಾರ ಸಂಖ್ಯೆ ಹೆಚ್ಚೆಂದು ಹೇಳಿಕೊಂಡು ಅಧಿಕಾರ ಅನುಭವಿಸುತ್ತಿದ್ದರೋ ಅವರ ಕಡೆಯಿಂದ ಗದ್ದಲವೆದ್ದಿತು. ಲೆಕ್ಕ ಹಳೆಯದಾಯಿತೆಂಬ ನೆಪದಿಂದ ಹೊಸ ಸಮೀಕ್ಷೆಗೆ ಆಜ್ಞೆಯಾಗಿ, ೨೦೨೫ರ ಸೆಪ್ಟೆಂಬರ್ ೨೨ರಂದು ಎಣಿಕೆಯವರು ಮತ್ತೆ ಬಾಗಿಲು ತಟ್ಟತೊಡಗಿದರು. ಮೊದಲು ಲೆಕ್ಕವನ್ನು ಬೀರುವಿನಲ್ಲಿಟ್ಟು ಹಳತು ಮಾಡಿದವರು ಯಾರು, ಹಳತಾಯಿತೆಂದು ದೂರಿದವರು ಯಾರು? ಕೇಂದ್ರ ಸರ್ಕಾರವೂ ೨೦೨೫ರ ಏಪ್ರಿಲ್ ೩೦ರಂದು, ಮುಂದಿನ ಜನಗಣತಿಯಲ್ಲಿ ಜಾತಿಯನ್ನು ಎಣಿಸುವುದಾಗಿ ಪ್ರಕಟಿಸಿತು. ಎಲ್ಲ ಜಾತಿಗಳ ಎಣಿಕೆ ಪೂರ್ಣವಾಗಿ ಪ್ರಕಟವಾದದ್ದು ೧೯೩೧ರಲ್ಲಿ, ಬ್ರಿಟಿಷರ ಕಾಲದಲ್ಲಿ. ಅಂದಿನಿಂದ ಇಂದಿನವರೆಗೆ ಮೀಸಲಾತಿಯ ವಾದವೆಲ್ಲ ಊಹೆಯ ಮೇಲೆ, ತೊಂಬತ್ತು ವರ್ಷ ಹಿಂದಿನ ಹಾಳೆಯ ಮೇಲೆ ನಡೆಯುತ್ತ ಬಂದಿದೆ. ಲೆಕ್ಕ ಮುಚ್ಚಿಟ್ಟರೆ ಲಾಭ ಯಾರಿಗೆಂಬುದನ್ನು ಅಂಗಡಿಯವರಿಗೆ ನಾವು ಕಲಿಸಬೇಕಾಗಿಲ್ಲ.

ಈಗ ಮೊದಲ ಪ್ರಶ್ನೆಗೆ ನಮ್ಮ ಉತ್ತರ. ಪ್ರಶ್ನಾವಳಿ ಹಿಡಿದು ಬಂದ ಹುಡುಗನನ್ನು ಬಾಗಿಲಿಂದ ಅಟ್ಟಬೇಡಿ. ಬಹುಮಟ್ಟಿಗೆ ಅವನೂ ನಮ್ಮಂಥವರ ಮನೆಯ ಮಗನೇ. ಅವನಿಗೆ ಪಾಠ ಹೇಳುವ ಅತಿಥಿ ಉಪನ್ಯಾಸಕರಿಗೆ ವರ್ಷದ ಕೆಲವು ತಿಂಗಳು ಸಂಬಳವೇ ಇರುವುದಿಲ್ಲ. ಕೂರಿಸಿ, ಚಹಾ ಕೊಡಿ, ನಿಜವನ್ನೇ ಹೇಳಿ. ಸಾಲ ಇದ್ದಷ್ಟನ್ನೂ ಹೇಳಿ, ನಾಚಿಕೆಯಿಂದ ಕಡಿಮೆ ಹೇಳಬೇಡಿ; ನೀವು ಕಡಿಮೆ ಹೇಳಿದ ಸಾಲ ನಾಳೆ ವೇತನ ಮಂಡಲಿಯ ಮುಂದೆ ನಿಮ್ಮ ವಿರುದ್ಧವೇ ಸಾಕ್ಷಿಯಾಗಬಹುದು. ಮನೆಯ ಹೆಂಗಸರನ್ನು ಒಳಗೆ ಕಳಿಸಿ ನೀವೇ ಅವರ ಪರವಾಗಿ ಉತ್ತರ ಹೇಳಬೇಡಿ, ಅವರ ದುಡಿಮೆಯ ಲೆಕ್ಕ ಅವರಿಗೇ ಗೊತ್ತು. ಆದರೆ ಅವನನ್ನೂ ಕೇಳಿ. ಹಣ ಕೊಟ್ಟವರು ಯಾರು, ಮಾಲೀಕರ ಸಂಘವೋ ಸರ್ಕಾರವೋ? ನನ್ನ ಹೆಸರು ಹೊರಬೀಳುವುದೋ? ಇದೇ ಪ್ರಶ್ನೆಗಳನ್ನು ಗಿರಣಿಯ ಮ್ಯಾನೇಜರನ ಬಂಗಲೆಗೂ ಹೋಗಿ ಕೇಳಿದಿರಾ? ಬರೆದು ಮುಗಿದ ಮೇಲೆ ಇಲ್ಲಿಗೆ ಬಂದು ಕನ್ನಡದಲ್ಲಿ ಓದಿ ಹೇಳುವಿರಾ?

ಕೊನೆಯ ಎರಡು ಪ್ರಶ್ನೆಗಳನ್ನು ನಾವು ವಿಶ್ವವಿದ್ಯಾನಿಲಯಗಳ ಕುಲಪತಿಗಳ ಮುಂದೆಯೂ ಇಡುತ್ತೇವೆ. ಬಡವರ ಮನೆಯ ಒಲೆ, ಮಂಚ, ಮದುವೆ ಎಲ್ಲವನ್ನೂ ಅಭ್ಯಾಸ ಮಾಡಿದ್ದಾಯಿತು. ರಿಯಲ್ ಎಸ್ಟೇಟ್ ಒಡೆಯರ ಕುಲ, ಗೋತ್ರ, ನಂಟಸ್ತನಗಳ ಮೇಲೆ ಒಂದು ಪ್ರಬಂಧ ಬರೆಯಿಸಿ ನೋಡೋಣ. ಜಿಲ್ಲೆಯ ಊರೊಂದನ್ನು ಅಭ್ಯಾಸ ಮಾಡಿದ ಪ್ರತಿ ಪ್ರಬಂಧದ ಕನ್ನಡ ಸಾರಾಂಶ ಆ ಊರಿನ ಪಂಚಾಯಿತಿಗೂ ಶಾಲೆಗೂ ಬರುವವರೆಗೆ ಪದವಿ ಕೊಡತಕ್ಕದ್ದಲ್ಲವೆಂಬ ನಿಯಮ ಮಾಡಲು ಏನಡ್ಡಿ? ಹಣದ ಖರ್ಚೂ ಇಲ್ಲ, ವಿಧಾನಸಭೆಯ ಒಪ್ಪಿಗೆಯೂ ಬೇಕಿಲ್ಲ.

ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನು ೧೯೬೫ರ ಕಾನೂನಿನ ಪ್ರಕಾರ ನಾವೆಲ್ಲರೂ ಕಟ್ಟುತ್ತಿದ್ದೇವೆ. ರಾಂಪುರದ ಪುಸ್ತಕ, ಮಂಡ್ಯದ ಹಳ್ಳಿಗಳ ಮೂರು ಪುಸ್ತಕಗಳು, ಬೆಂಗಳೂರಿನ ಕಾರ್ಖಾನೆಗಳ ಪುಸ್ತಕ, ಹಾವನೂರ್ ವರದಿ, ಇಷ್ಟನ್ನೂ ಜಿಲ್ಲಾ ಗ್ರಂಥಾಲಯಕ್ಕೆ ತರಿಸಬೇಕೆಂದು ಅರ್ಜಿ ಬರೆದಿದ್ದೇವೆ. ಯೂನಿಯನ್ ಕಚೇರಿಯಲ್ಲಿಯೂ ವರ್ತಕರ ಸಂಘದಲ್ಲಿಯೂ ಅರ್ಜಿಯ ಪ್ರತಿ ಇಟ್ಟಿದೆ. ಸಹಿ ಹಾಕುವವರು ಶನಿವಾರದೊಳಗೆ ಹಾಕಬೇಕು. ಪುಸ್ತಕಗಳು ಬಂದ ಮೇಲೆ ಭಾನುವಾರ ಸಂಜೆ, ಎರಡನೆಯ ಪಾಳಿ ಇಲ್ಲದ ದಿನ, ಮಂಡ್ಯದ ಆ ಒಣ ಊರಿನ ಅಧ್ಯಾಯದಿಂದ ಕನ್ನಡದಲ್ಲಿ ಓದಿ ಹೇಳಲು ಪ್ರಾರಂಭಿಸುತ್ತೇವೆ.